ಮುಂಗಡ ಕೊಟ್ಟ ಎರಡು ಪೆಟ್ಟು

ಹಿರೇಬಾವಿಯಲ್ಲಿ ಹಳಿ ಮುಗಿಯುತ್ತದೆ. ತುದಿಗೆ ಒಂದು ಮಣ್ಣಿನ ದಿಬ್ಬ, ಅದರಾಚೆ ಎರೆ ಹೊಲ. ಅಣ್ಣಿಗೇರಿಯ ಕಡೆಯಿಂದ ಬಂದ ಷಟಲ್ ಗಾಡಿ ಆ ದಿಬ್ಬಕ್ಕೆ ಮೂಗು ತಾಗಿಸಿದಂತೆ ನಿಂತು, ಬಂದ ದಾರಿಯಲ್ಲೇ ಶಹರಕ್ಕೆ ಮರಳಬೇಕು. ಗಾಡಿ ತಿರುಗುವುದಿಲ್ಲ, ಅದಕ್ಕೆ ಎರಡೂ ತುದಿಗೆ ಮುಖವಿದೆ. ತಿರುಗುವವರು ಅದರ ಜನ.

ಡ್ರೈವರ್ ರಮಜಾನ್ ದಿಬ್ಬದ ತುದಿಯ ಕೋಣೆಯಿಂದ ಇಳಿದು, ಎಂಟು ಡಬ್ಬಿಗಳ ಉದ್ದಕ್ಕೂ ನಡೆದು ಶಹರದ ತುದಿಗೆ ಹೋಗುತ್ತಾನೆ. ಗಾರ್ಡ್ ಮಹಾನಂದಾ ಶಹರದ ತುದಿಯಿಂದ ಇಳಿದು ದಿಬ್ಬದ ತುದಿಗೆ ಬರುತ್ತಾಳೆ. ನಾಲ್ಕನೆಯ ಮತ್ತು ಐದನೆಯ ಡಬ್ಬಿಯ ನಡುವೆ ಇಬ್ಬರೂ ಎದುರಾಗುತ್ತಾರೆ. ಅದೇ ಹೊತ್ತಿಗೆ ಫಿಟ್ಟರ್ ಕರಿಸಿದ್ದಪ್ಪ ಹೊಲದ ಬದಿಯಿಂದ ಗಾಡಿಯ ಕೆಳಗೆ ನುಸುಳಿ, ಒಂದೊಂದೇ ಡಬ್ಬಿಯ ಬ್ರೇಕು, ಪಿನ್ನು ನೋಡುತ್ತ, ಸುತ್ತಿಗೆಯಿಂದ ತಟ್ಟುತ್ತ ಸಾಗಿ, ಕಟ್ಟಕಡೆಗೆ ದಿಬ್ಬದ ತುದಿಯ ಡಬ್ಬಿಯಡಿ ಬ್ರೇಕಿನ ಗಾಳಿ ಟಾಕಿಯಲ್ಲಿ ಕೂಡಿದ ನೀರು ಬಿಟ್ಟು ಹೊರಬರುತ್ತಿದ್ದ. ಆಮೇಲೆ ರಮಜಾನ್ ಆ ತುದಿಯಿಂದ ಬ್ರೇಕ್ ಹಾಕಿ ಬಿಡಬೇಕು. ಈ ತುದಿಯಲ್ಲಿ ಮಹಾನಂದಾಳ ಮುಂದೆ ಗಾಳಿಯ ಒತ್ತಡ ತೋರಿಸುವ ಗಡಿಯಾರದಂಥ ತಬಕಿನಲ್ಲಿ ಮುಳ್ಳು ಇಳಿದು ಏರಬೇಕು. ಆಮೇಲೆ ಸೀಟಿ, ಹಸಿರು ನಿಶಾನಿ.

ಕರಿಸಿದ್ದಪ್ಪ ಹೊರಬರುತ್ತಿದ್ದದ್ದು ಹನ್ನೊಂದು ದಿನಗಳ ಹಿಂದಿನವರೆಗೆ.

ಈ ಎಲ್ಲ ಕೆಲಸಕ್ಕೆ ಮೊದಲು ಇಪ್ಪತ್ತೆರಡು ನಿಮಿಷ ಇತ್ತು. ಆ ಕಾಲದಲ್ಲಿ ಅವನು ಕೆಳಗಿಳಿಯುವ ಮುಂಚೆ ಗಾಡಿಯ ಎರಡೂ ತುದಿಗೆ ಕೆಂಪು ನಿಶಾನಿ ಕಟ್ಟುತ್ತಿದ್ದ. ಕಟ್ಟಿದವನೇ ಬಿಚ್ಚಬೇಕು, ಬಿಚ್ಚುವ ತನಕ ಚಕ್ರ ಉರುಳಬಾರದು. ನಿಯಮದ ಪುಸ್ತಕದಲ್ಲಿ ಇಂದಿಗೂ ಹಾಗೇ ಇದೆ. ಆಮೇಲೆ ಇಪ್ಪತ್ತೆರಡನ್ನು ಹದಿನಾಲ್ಕು ಮಾಡಿದರು. ಎಂಟು ಡಬ್ಬಿ ದಾಟಿ ನಿಶಾನಿ ಕಟ್ಟಿ, ಮತ್ತೆ ದಾಟಿ ಬಿಚ್ಚುವುದಕ್ಕೇ ಆರು ನಿಮಿಷ ಹೋಗುತ್ತದೆ. ಹಾಗಾಗಿ ನಿಶಾನಿ ಹೋಯಿತು, ಅದರ ಜಾಗಕ್ಕೆ ಪೆಟ್ಟು ಬಂತು. ಹೊರಗೆ ಬಂದ ಕೂಡಲೇ ಕರಿಸಿದ್ದಪ್ಪ ಕೊನೆಯ ಡಬ್ಬಿಯ ಮೈಗೆ ಸುತ್ತಿಗೆಯಿಂದ ಎರಡು ಸಲ ಬಡಿಯುವುದು. ಟಣ್, ಟಣ್. ನಾನು ಹೊರಗಿದ್ದೇನೆ ಎಂದರ್ಥ. ಯಾವ ಪುಸ್ತಕದಲ್ಲೂ ಇಲ್ಲದ್ದು, ಮೂವರೇ ಮಾಡಿಕೊಂಡದ್ದು.

ಹೋದ ವರ್ಷ ಹದಿನಾಲ್ಕನ್ನು ಒಂಬತ್ತು ಮಾಡಿದರು. ಅದೇ ಗಾಡಿ, ಅದೇ ಮೂವರು, ದಿನಕ್ಕೆ ಎರಡು ಫೇರಿ ಹೆಚ್ಚು. ಮೇಲಿನವರು ಗಾಡಿಗೆ ಹಾರ ಹಾಕಿ ಫೋಟೋ ತೆಗೆಸಿಕೊಂಡರು. ಒಂಬತ್ತು ಎಂದು ಬರೆದ ಕೈ ಒಂದು ದಿನವೂ ಗಾಡಿಯ ಕೆಳಗೆ ಹೋದದ್ದಲ್ಲ. ಆ ಉಗುರಿನ ಸಂದಿಯಲ್ಲಿ ಗ್ರೀಸು ಇದ್ದಿದ್ದರೆ ಆ ಅಂಕಿ ಅಷ್ಟು ಸಲೀಸಾಗಿ ಬೀಳುತ್ತಿರಲಿಲ್ಲ.

ಮೊದಲ ವಾರದಲ್ಲೇ ಗಾಡಿ ನಲವತ್ತು ಸೆಕೆಂಡು ತಡವಾಗಿ ಬಿಟ್ಟಿತೆಂದು ಮಹಾನಂದಾಳಿಗೆ ಫೋನಿನಲ್ಲಿ ಬೈಗುಳ ಬಂತು. ಮೂವತ್ನಾಲ್ಕರ ಹೆಂಗಸು, ಒಂಬತ್ತು ವರ್ಷದ ಸರ್ವೀಸು, ಒಂದೂ ಮೆಮೊ ಕಂಡವಳಲ್ಲ. ಮರುದಿನ ರಮಜಾನ್ ಎದುರಿಗೇ ಕರಿಸಿದ್ದಪ್ಪನನ್ನು ಕರೆದು ನಗುತ್ತಲೇ ಹೇಳಿದಳು:

“ಕಾಕಾ, ಹೆಂಗೂ ಹೊರಗ ಬರಾವ್ರ ಇರ್ತೀರಿ. ಕಡೀ ಡಬ್ಬಿಗೆ ಬಂದ ಕೂಡ್ಲೆ ಮೊದಲ ಬಡದುಬಿಡ್ರಿ, ಆಮ್ಯಾಲ ನೀರು ಬಿಡ್ರಿ. ನೀವು ಹೊರಗ ಬರೂದ್ರಾಗ ನಾವು ಬ್ರೇಕ್ ನೋಡಿ ಮುಗಿಸಿರ್ತೀವಿ.”

“ಇದ್ಯಾವ ಕಾನೂನರಿ ಅಕ್ಕಾರ?” ಎಂದ ಕರಿಸಿದ್ದಪ್ಪ. “ಹಂಗಾರ ನಾಳಿಯಿಂದ ಮನ್ಯಾಗೂ ಉಣ್ಣಾಕ ಕುಂದ್ರೂಕಿಂತ ಮೊದಲ ತೇಗಿಬಿಡ್ತೀನಿ. ಲಕ್ಷ್ಮವ್ವಗ ರೊಟ್ಟಿ ಉಳೀತಾವ.”

ಮೂವರೂ ನಕ್ಕಿದ್ದರು. ಮರುದಿನದಿಂದ ಪೆಟ್ಟು ಮೊದಲು, ನೀರು ಆಮೇಲೆ. ಪೆಟ್ಟು ಬಿದ್ದ ಮೇಲೆ ಬ್ರೇಕಿನ ಪರೀಕ್ಷೆಗೆ ಒಂದೂವರೆ ನಿಮಿಷ ಹಿಡಿಯುತ್ತಿತ್ತು. ನೀರು ಬಿಡಲು ಒಂದು ನಿಮಿಷ ಸಾಕು. ಅರ್ಧ ನಿಮಿಷದ ಅಂತರದಲ್ಲಿ ಒಬ್ಬ ಮನುಷ್ಯ ಏಳು ತಿಂಗಳು ಬದುಕಿದ್ದ.

ಆ ಗುರುವಾರ ಗಾಡಿ ಐದು ನಿಮಿಷ ತಡವಾಗಿ ಬಂತು. ಬಿಡುವ ಹೊತ್ತು ಮಾತ್ರ ಬದಲಾಗುವಂತಿಲ್ಲ. ಒಂಬತ್ತರಲ್ಲಿ ಉಳಿದದ್ದು ನಾಲ್ಕು. ರಮಜಾನ್ ಓಡಿದ, ಮಹಾನಂದಾ ಓಡಿದಳು, ಕರಿಸಿದ್ದಪ್ಪ ಹೊಲದ ಬದಿಯಲ್ಲಿ ಓಡಿ ನಡುವಿನ ಡಬ್ಬಿಗಳನ್ನು ಬಿಟ್ಟು ಕೊನೆಯದಕ್ಕೆ ಬಂದ. ಟಣ್, ಟಣ್. ಅಷ್ಟರಲ್ಲಿ ರಮಜಾನ್ ಬ್ರೇಕ್ ಹಾಕಿ ಬಿಟ್ಟಾಗಿತ್ತು, ಮುಳ್ಳು ಇಳಿದು ಏರಿಯಾಗಿತ್ತು. ಮಹಾನಂದಾ ಸೀಟಿ ಊದಿದಳು, ಪ್ಲಾಟ್‌ಫಾರ್ಮಿನ ಕಡೆಗೆ ಬಾಗಿ ಹಸಿರು ತೋರಿಸಿದಳು. ಹೊಲದ ಕಡೆಗೆ ಬಾಗಲಿಲ್ಲ. ಅವನು ಇನ್ನೂ ಕೆಳಗೇ ಇದ್ದಾನೆಂದು ಅವಳಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಆ ಗಳಿಗೆಯಲ್ಲಿ ಅವಳು ನೋಡಿದ್ದು ಗಡಿಯಾರವನ್ನು. ಗಾಡಿ ಹೊರಟಿತು. ಅವಳ ಕಾಲಡಿಯಲ್ಲಿ ಹಳಿಯ ಜೋಡಣೆ ದಾಟಿದಾಗ ಆಗುವಂಥ ಒಂದು ಸಣ್ಣ ಕುಲುಕು ಆಯಿತು. ಅಲ್ಲಿ ಹಳಿಗೆ ಜೋಡಣೆ ಇಲ್ಲ.

ಮೂರನೆಯ ದಿನ ಅವಳು ಕೆಲಸಕ್ಕೆ ಮರಳಿದಳು. ಮಧ್ಯಾಹ್ನ ಎರಡು ನಲವತ್ತರ ಫೇರಿ, ಬಿಸಿಲು ಬಿಳಿಚಿ ನಿಂತ ಹೊತ್ತು. ಹಸಿರು ತೋರಿಸಿದಳು, ಗಾಡಿ ಅಲುಗಿತು. ಮೂರು ಮಾರು ಉರುಳಿರಬಹುದು. ಟಣ್, ಟಣ್.

ಯಾವಾಗಲೂ ಆ ಸದ್ದು ಪಕ್ಕದಿಂದ ಬರುತ್ತಿತ್ತು. ಈಗ ಬಂದದ್ದು ಅಡಿಯಿಂದ. ಅವಳ ಚಪ್ಪಲಿಯ ಕೆಳಗಿನ ತಗಡು ಒಳಗಿನಿಂದ ಬಡಿದಂತೆ ಅದುರಿತು. ಮೊದಲೇ ಕೊಟ್ಟ ಪೆಟ್ಟು ಸುಳ್ಳಾಗಿತ್ತಲ್ಲ. ಹೊರಗೆ ಬಂದ ಮೇಲೆ ಕೊಡಬೇಕಾದ ನಿಜವಾದದ್ದನ್ನು ಅವನು ಈಗ ಕೊಡುತ್ತಿದ್ದಾನೆ, ಆದರೆ ಹೊರಗೆ ಬರಲಾಗದೆ ಕೆಳಗಿನಿಂದಲೇ ಕೊಡುತ್ತಿದ್ದಾನೆ ಎಂದು ಅವಳಿಗೆ ಅನ್ನಿಸಿತು. ಶಹರದಲ್ಲಿ ಕೇಳಲಿಲ್ಲ, ನಡುವಿನ ನಿಲ್ದಾಣಗಳಲ್ಲಿ ಕೇಳಲಿಲ್ಲ. ಹಿರೇಬಾವಿಯಲ್ಲಿ ಮಾತ್ರ, ಪ್ರತಿ ಫೇರಿಗೆ, ಗಾಡಿ ಅಲುಗಿದ ಮೇಲೆ. ಡಬ್ಬಿಯಲ್ಲಿ ತಿರ್ಲಾಪುರದ ಹೆಂಗಸರು ಮೆಣಸಿನಕಾಯಿ ಚೀಲದ ಮೇಲೆ ಕೂತು ಜಗಳಾಡುತ್ತಿರುತ್ತಿದ್ದರು. ಅವರಲ್ಲಿ ಯಾರೂ ತಲೆ ಎತ್ತುತ್ತಿರಲಿಲ್ಲ.

ಕರಿಸಿದ್ದಪ್ಪನ ಜಾಗಕ್ಕೆ ಯಾರನ್ನೂ ಕಳಿಸಿರಲಿಲ್ಲ. ‘ಗಾಡಿಯ ಕೆಳಗೆ ನೋಡಲಾಗಿದೆ’ ಎಂಬ ಸಾಲಿಗೂ ಅವಳೇ ಸಹಿ ಹಾಕುತ್ತಿದ್ದಳು.

ಹನ್ನೊಂದನೆಯ ದಿನ ಮಧ್ಯಾಹ್ನ ನಾಲ್ಕು–ಐದನೆಯ ಡಬ್ಬಿಯ ನಡುವೆ ರಮಜಾನ್ ಎದುರಾದ. ಮೊದಲಾದರೆ ಇಲ್ಲಿ ನಿಂತು ಇಬ್ಬರೂ ಒಂದೊಂದು ಹಿಡಿ ಶೇಂಗಾ ತಿನ್ನುತ್ತಿದ್ದರು. ಈಗ ನಡೆಯುತ್ತಲೇ ಮಾತು. ಅವನು ಅಂಗಿಯ ಕಿಸೆಯಿಂದ ಮಡಿಚಿದ ಒಂದು ಕಾಗದ ತೆಗೆದು ಅವಳ ಕೈಗೆ ತುರುಕಿದ.

“ಆಫೀಸಿಂದ ಕೊಟ್ಟಾರ್ರಿ ಮೇಡಂ. ನಾಳಿ ವಿಚಾರಣ್ಯಾಗ ಇದಕ್ಕ ಸಹಿ ಮಾಡಿದ್ರ ಆತು. ನಾ ಮಾಡೀನಿ.”

ಅವಳು ನಿಂತು ಓದಿದಳು. ‘ಮೃತನು ಕೆಲಸ ಮುಗಿಸಿ ಹೊರಬಂದು ಎರಡು ಬಾರಿ ಬಡಿದು ಸಂಕೇತ ನೀಡಿದನು. ನಂತರ ಕೆಳಗೆ ಬಿದ್ದಿದ್ದ ತನ್ನ ತಂಬಾಕಿನ ಚೀಲವನ್ನು ತೆಗೆದುಕೊಳ್ಳಲು ಯಾರಿಗೂ ತಿಳಿಸದೆ ಮರಳಿ ಗಾಡಿಯಡಿ ಹೋದನು.’

“ತಂಬಾಕಿನ ಚೀಲ ಎಲ್ಲಿಂದ ಬಂತು ರಮಜಾನ್ ಭಾಯಿ?”

“ಎಲ್ಲಿಂದರ ಬರ್ಲಿ. ಪೆಟ್ಟು ಕೇಳಿದ್ದು ಖರೇ ಹೌದಿಲ್ಲೋ? ನೀವೂ ಕೇಳಿರಿ. ಅಷ್ಟ ಹೇಳ್ರಿ. ಅದು ಸುಳ್ಳಲ್ಲಲ್ಲ.”

“ಅಷ್ಟ ಹೇಳಿದ್ರ ಅದಕ್ಕಿಂತ ದೊಡ್ಡ ಸುಳ್ಳು ಇನ್ನೊಂದಿಲ್ಲ.”

ರಮಜಾನ್ ಹಣೆಯ ಬೆವರು ಒರೆಸಿಕೊಂಡ. “ನೋಡ್ರಿ, ಮೊದಲ ಬಡೀತಿದ್ದ ಅಂತ ಬಾಯಿ ಬಿಟ್ರ, ಯಾರು ಹೇಳಿಕೊಟ್ರು ಅಂತಾರ. ಆವಾಗ ಏನಂತೀರಿ? ನಿಮ್ಮ ನೌಕರಿ ಹೋಗ್ತದ, ನಂದೂ ಹೋಗ್ತದ. ಸತ್ತಾಂವ ಎದ್ದ ಬರ್ತಾನೇನ್ರಿ?”

“ನಿಮಗ ಏನೂ ಕೇಳ್ಸೂದಿಲ್ಲೇನು? ಗಾಡಿ ಬಿಟ್ಟ ಮ್ಯಾಲ?”

ಅವನು ಅವಳ ಮುಖ ನೋಡಿದ, ಆಮೇಲೆ ಕಣ್ಣು ತಪ್ಪಿಸಿದ. “ನಾ ಆ ತುದಿಗೆ ಇರ್ತೀನ್ರಿ,” ಎಂದು ಹೇಳಿ ಸರಸರ ನಡೆದುಬಿಟ್ಟ.

ದಿಬ್ಬದ ತುದಿಯ ಡಬ್ಬಿಯಲ್ಲಿ, ಗಾರ್ಡಿನ ಕೋಣೆಗೆ ಹೊಂದಿದ ಕಿಟಕಿಯಲ್ಲಿ ಲಕ್ಷ್ಮವ್ವ ಕೂತಿದ್ದಳು. ಕರಿಸಿದ್ದಪ್ಪನ ಹೆಂಡತಿ. ಮೊರಬದಿಂದ ಟ್ರ್ಯಾಕ್ಟರ್ ಹಿಡಿದು ಬಂದಿದ್ದಳು. ನಾಳಿನ ವಿಚಾರಣೆಗೆ ಇಂದೇ ಶಹರಕ್ಕೆ ಹೋಗಿ ತಂಗಿಯ ಮನೆಯಲ್ಲಿ ಉಳಿಯುವವಳು. ಮಹಾನಂದಾಳನ್ನು ಕಂಡು ಕಿಟಕಿಯ ಸರಳು ಹಿಡಿದು ಎದ್ದು ನಿಂತಳು.

“ಅಕ್ಕಾರ, ಒಂದ ಮಾತು.”

“ಹೇಳ್ರಿ ಕಾಕೂ.”

“ತಂಬಾಕ ಚೀಲಕ್ಕ ಒಳಗ ಹೋದ್ರು ಅಂತ ಬರದಾರಂತ. ಊರಾಗೆಲ್ಲಾ ಅದ ಮಾತು. ಚಟಕ್ಕ ಸತ್ತ ಅಂತ ಕಟ್ಟಿ ಮ್ಯಾಲ ಕುಂತು ನಗತಾರ. ನನ್ನ ಗಂಡ ತಂಬಾಕು ಮುಟ್ಟತಿದ್ದಿಲ್ಲರಿ. ಮುಟ್ಟಿದ್ರ ನಾ ಹೊಸ್ತಿಲಾ ದಾಟಿಸ್ತಿದ್ದೆನ?”

“ಗೊತ್ತೈತಿ.”

“ಹಂಗಾರ ನೀವ ಹೇಳ್ರಿ. ನೀವ ಅಲ್ಲಿದ್ರಿ. ಅವ್ರು ಎರಡು ಪೆಟ್ಟು ಬಡದ್ರೇನು?”

ಮಹಾನಂದಾಳ ಗಂಟಲಲ್ಲಿ ಎಲ್ಲವೂ ಇತ್ತು. ಏಳು ತಿಂಗಳ ಹಿಂದಿನ ನಗು, ತೇಗಿನ ಮಾತು, ನಲವತ್ತು ಸೆಕೆಂಡು. ಬಾಯಿಂದ ಬಂದದ್ದು ಇಷ್ಟೇ: “ಬಡದ್ರು. ಕೇಳಿದೆ.”

ಲಕ್ಷ್ಮವ್ವನ ಕೈ ಸರಳಿನಿಂದ ಜಾರಿತು. “ಬಡದ್ರಂದ್ರ ಹೊರಗ ಬಂದಿದ್ರು. ಹೊರಗ ಬಂದಾವ್ರು ಮತ್ತ ಯಾಕ ಒಳಗ ಹೋದ್ರು? ಬುದ್ಧಿ ಇದ್ದಿದ್ದಿಲ್ಲೇನು ಅವ್ರಿಗೆ?”

ಗಂಡನ ಮೇಲೆ ಆ ಹೆಂಗಸು ಮೊದಲ ಸಲ ಸಂಶಯಪಟ್ಟಿದ್ದಳು. ಸಂಶಯ ಹುಟ್ಟಿಸಿದ ಮಾತು ಸತ್ಯವಾಗಿತ್ತು. ಮಹಾನಂದಾ ಕೋಣೆಗೆ ಹತ್ತಿದಳು. ಮುಳ್ಳು ಇಳಿಯಿತು, ಏರಿತು. ಸೀಟಿ ಊದಿದಳು. ಹಸಿರು ತೋರಿಸಿದಳು. ಗಾಡಿ ಅಲುಗಿತು.

ಟಣ್.

ಎರಡನೆಯದು ಬರಲಿಲ್ಲ. ಕಾದಳು. ಒಂದು ಮಾರು, ಎರಡು ಮಾರು. ಬಡಿಯಲು ಎತ್ತಿದ ಕೈ ನಡುವೆಯೇ ಎಲ್ಲೋ ನಿಂತಂತೆ. ಆ ಖಾಲಿ ಜಾಗವನ್ನು ಅವಳಿಗೆ ತಡೆಯಲಾಗಲಿಲ್ಲ. ತುರ್ತಿನ ಬ್ರೇಕಿನ ಹಿಡಿಕೆಯನ್ನು ಎರಡೂ ಕೈಯಿಂದ ಎಳೆದಳು.

ಗಾಡಿ ಕಿರುಚಿ ನಿಂತಿತು. ಚೀಲಗಳು ಉರುಳಿದವು, ಕೂಸೊಂದು ಅತ್ತಿತು. ಮಹಾನಂದಾ ಹೊಲದ ಬದಿಗೆ ಜಿಗಿದು, ಮೊಣಕಾಲೂರಿ ಕೊನೆಯ ಡಬ್ಬಿಯಡಿ ಬಾಗಿದಳು. ನೆರಳು, ಎಣ್ಣೆ ಕುಡಿದ ಜಲ್ಲಿಕಲ್ಲು, ಹನ್ನೊಂದು ದಿನಗಳ ಹಿಂದೆ ಚೆಲ್ಲಿದ್ದ ಸುಣ್ಣದ ಬಿಳಿ. ಯಾರೂ ಇರಲಿಲ್ಲ. ಆದರೆ ಆ ಸುಣ್ಣದ ಗುರುತಿನ ಆಚೆ, ಗಾಡಿ ಹೊರಡುವ ಮುಂಚೆ ನಿಂತಿದ್ದ ಜಾಗದಲ್ಲಿ, ಕಲ್ಲು ಒದ್ದೆಯಾಗಿತ್ತು. ಗಾಳಿ ಟಾಕಿಯ ನೀರನ್ನು ಯಾರೋ ಬಿಟ್ಟಿದ್ದರು. ಬಿಡುವವರು ಯಾರೂ ಇಲ್ಲದ ಹನ್ನೊಂದನೆಯ ದಿನ, ಅಷ್ಟು ಬಿಸಿಲಿನಲ್ಲಿ, ಮೊರದಗಲದ ಹಸಿ ಕಲೆ.

ಹಿಂದೆ ಸೀರೆಯ ಸದ್ದಾಯಿತು. ಲಕ್ಷ್ಮವ್ವ ಇಳಿದು ಬಂದಿದ್ದಳು.

“ಅಲ್ಲಿ ಯಾರದಾರ್ರಿ?”

“ಯಾರೂ ಇಲ್ಲ.”

“ಮತ್ಯಾಕ ನಿಂದ್ರಿಸಿದ್ರಿ?”

ಮಹಾನಂದಾ ಏಳಲಿಲ್ಲ.

“ಇವತ್ತ ಯಾರೂ ಇಲ್ಲದಾಗ ನಿಂದ್ರಿಸಿದ್ರಿ,” ಎಂದಳು ಲಕ್ಷ್ಮವ್ವ ನಿಧಾನವಾಗಿ. “ಅವತ್ತ ನಿಂದ್ರಿಸ್ಲಿಲ್ಲ.”

ಕಿಟಕಿಯಿಂದ ಒಬ್ಬ ಮುದುಕ ಕೂಗಿದ: “ಏ ಗಾರ್ಡಮ್ಮಾ, ಉಂಗುರ ಕಳಕೊಂಡಿಯೇನ ಬೇ? ಆಮ್ಯಾಲ ಹುಡಕೂಣು, ನಡೀ ಮೊದಲ! ದವಾಖಾನಿ ಚೀಟಿ ಮೂರಕ್ಕ ಮುಗೀತೈತಿ!”

ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಗಾಡಿಗಳ ಹೊತ್ತು ಕಾಯುವ ಕೋಣೆಯಿಂದ ಒಂದು ಗಂಡು ದನಿ: “ಯಾಕ ನಿಂತದ? ತಡಕ್ಕ ಕಾರಣ ಏನಂತ ಬರೀಲಿ?”

“ಕೆಳಗ ಮನಷ್ಯಾ ಅದಾನಂತ ಅನಿಸ್ತ್ರಿ.”

“ಇದ್ನೇನು?”

“ಇಲ್ಲ.”

“ಹಂಗಾರ ಕಾರಣ ಇಲ್ಲ ಅಂತ ಬರಕೋತೀನಿ,” ಎಂದು ಆ ದನಿ ಫೋನು ಇಟ್ಟಿತು.

ಆ ರಾತ್ರಿ ಅವಳು ಟೈಪು ಮಾಡಿದ ಕಾಗದವನ್ನು ಮಗ್ಗುಲಿಗೆ ಸರಿಸಿ, ಗೆರೆ ಹಾಳೆಯಲ್ಲಿ ತಾನೇ ಬರೆದಳು, ಎರಡು ಪ್ರತಿ.

ವಿಚಾರಣೆಯ ಸಾಹೇಬ ಒರಟನಲ್ಲ. ಅವಳಿಗೆ ಕುರ್ಚಿ ಕೊಟ್ಟ, ಚಹಾ ತರಿಸಿದ. ಅವಳ ಹಾಳೆಯನ್ನು ಎರಡು ಸಲ ಓದಿ ಕನ್ನಡಕ ತೆಗೆದ. ರಮಜಾನ್ ಗೋಡೆಗೆ ಒರಗಿ ನೆಲ ನೋಡುತ್ತಿದ್ದ.

“ಇದೇನಮ್ಮಾ? ನಿನ್ನ ಮೇಲೆ ನೀನೇ ದೂರು ಬರಕೊಂಡೀಯಲ್ಲ. ನಾನು ಕೇಳೂದು ಒಂದೇ ಪ್ರಶ್ನೆ. ಎರಡು ಪೆಟ್ಟು ಕೇಳ್ಸಿತೋ ಇಲ್ಲೋ?”

“ಕೇಳ್ಸಿತ್ರಿ. ಅದು ಮುಂಗಡ ಪೆಟ್ಟು. ಹೊರಗ ಬರೂಕಿಂತ ಮೊದಲ ಬಡೀರಿ ಅಂತ ಹೇಳಿದಾಕಿ ನಾನ. ಏಳು ತಿಂಗಳು ದಿನಾ ಕೇಳೀನಿ, ದಿನಾ ಗೊತ್ತಿತ್ತು.”

“ಹಾಗಾದರೆ ತಪ್ಪು ನಿಂದೇ ಆಯ್ತು.”

“ಹೌದ್ರಿ. ಬರಕೋರಿ. ಅದರ ಕೆಳಗಿನ ಸಾಲೂ ಓದ್ರಿ.”

ಅವನು ಓದಲಿಲ್ಲ, ಆದ್ದರಿಂದ ಅವಳೇ ಹೇಳಿದಳು. “ಕೆಂಪು ನಿಶಾನಿ ಕಟ್ಟಿ ಬಿಚ್ಚಾಕ ಆರು ನಿಮಿಷ. ಎಂಟು ಡಬ್ಬಿ ಕೆಳಗ ನೋಡಾಕ ಎಂಟು. ಬ್ರೇಕ್ ನೋಡಾಕ ಒಂದೂವರಿ. ಇದನ್ನ ಒಂಬತ್ತರಾಗ ಹೆಂಗ ಕೂಡಸ್ತೀರಿ? ಕೂಡಿಸಿ ತೋರಸ್ರಿ. ಒಂಬತ್ತು ಅಂತ ಸಹಿ ಮಾಡಿದಾವ್ರನ್ನೂ ಇದ ಕುರ್ಚಿ ಮ್ಯಾಲ ಕುಂದ್ರಿಸಿ ಕೇಳ್ರಿ.”

“ಅದು ಈ ವಿಚಾರಣೆಯ ವಿಷಯ ಅಲ್ಲ.”

“ತಂಬಾಕಿನ ಚೀಲ ವಿಷಯ ಹೌದೇನ್ರಿ?”

ಸಾಹೇಬ ಚಹಾದ ಕಪ್ಪನ್ನು ದೂರ ಸರಿಸಿದ. ಆಗ ರಮಜಾನ್ ಗೋಡೆ ಬಿಟ್ಟು ಮುಂದೆ ಬಂದ. ಮಹಾನಂದಾ ಅವನು ತನ್ನನ್ನು ಬೈಯುತ್ತಾನೆಂದುಕೊಂಡಳು. ಅವನು ಮೇಜಿನ ಮೇಲಿದ್ದ ತನ್ನ ಸಹಿಯ ಕಾಗದ ತೋರಿಸಿ, “ಸಾಹೇಬ್ರ, ಅದರಾಗ ಬರದ ಚೀಲಾನ ನಾ ಕಣ್ಣಿಂದ ಕಂಡಿಲ್ಲರಿ. ಪೆಟ್ಟು ಅಷ್ಟ ಕೇಳೀನಿ,” ಎಂದ. ಅಷ್ಟೇ ಹೇಳಿದ, ಅದಕ್ಕಿಂತ ಒಂದು ಅಕ್ಷರ ಹೆಚ್ಚಿಲ್ಲ, ಮತ್ತೆ ಗೋಡೆಗೆ ಹೋದ.

ಮಹಾನಂದಾ ಎರಡನೆಯ ಪ್ರತಿಯನ್ನು ಮುಂದಿಟ್ಟಳು. “ಇದಕ್ಕ ಬಂದೈತಿ ಅಂತ ಶಿಕ್ಕಾ ಹೊಡೀರಿ.” ಹಾಳೆಗೆ ಕಚೇರಿಯ ಮೊಹರು ಬೀಳುವ ತನಕ ಕುರ್ಚಿ ಬಿಟ್ಟು ಏಳಲಿಲ್ಲ. ಶಿಕ್ಕೆಯ ಜೊತೆಗೆ ಇನ್ನೊಂದು ಚೀಟಿಯೂ ಬಂತು: ಮುಂದಿನ ಆದೇಶದವರೆಗೆ ಅವಳು ಗಾಡಿ ಹತ್ತುವಂತಿಲ್ಲ.

ಹೊರಗೆ ಉದ್ದನೆಯ ಪಡಸಾಲೆ. ಎರಡೂ ಬದಿಗೆ ಹಸಿರು ಪರದೆ ಬಿಟ್ಟ ಬಾಗಿಲುಗಳು. ಲಕ್ಷ್ಮವ್ವ ಬೆಂಚಿನ ಮೇಲೆ ಕೂತಿದ್ದಳು.

“ಏನ್ ಬರದ್ರಿ?”

“ಓದ್ತೀನಿ, ಕೇಳ್ರಿ.” ಮಹಾನಂದಾ ನಿಂತೇ ಓದಿದಳು. ಹೊರಬರುವ ಮುಂಚೆ ಬಡಿಯಲು ತಾನೇ ಹೇಳಿದೆ ಎಂಬ ಸಾಲಿಗೆ ಬಂದಾಗ ಲಕ್ಷ್ಮವ್ವ ತಲೆ ಎತ್ತಿದಳು. ಮಹಾನಂದಾ ನಿಲ್ಲಿಸಲಿಲ್ಲ, ಕೊನೆಯವರೆಗೆ ಓದಿದಳು.

“ನೀ ಹೇಳಿದ್ಯಾ?” ‘ಅಕ್ಕಾರ’ ಹೋಗಿತ್ತು, ಗೌರವ ಹೋಗಿತ್ತು. “ನೀನ? ನಿನ್ನೆ ಕಿಟಕಿ ಕೆಳಗ ನಿಂತು ಬಡದ್ರು ಅಂದಿ. ಇಡೀ ರಾತ್ರಿ ನಾ ಅವ್ರನ್ನ ಬೈದೆ. ಬುದ್ಧಿಗೇಡಿ, ಮುಂಡೇಗಂಡ, ನನ್ನ ಬಿಟ್ಟು ಯಾಕ ಒಳಗ ಹೋದಿ ಅಂತ ಬೈದೆ. ಬೈಸಿದ್ಯಲ್ಲ ನನ್ನ ಕಡಿಂದ.”

ಕ್ಷಮೆ ಕೇಳುವ ಮಾತು ಮಹಾನಂದಾಳ ನಾಲಿಗೆಗೆ ಬಂದಿತ್ತು. ಅದನ್ನು ಕೇಳುವುದು ತಾನು ಹಗುರಾಗುವುದಕ್ಕೇ ಹೊರತು ಈ ಹೆಂಗಸಿಗಲ್ಲ ಎಂದು ತಿಳಿದು ನುಂಗಿದಳು. ಶಿಕ್ಕೆಯ ಕಾಗದವನ್ನು ಮುಂದೆ ಹಿಡಿದಳು.

ಲಕ್ಷ್ಮವ್ವ ಅದನ್ನು ಕಿತ್ತುಕೊಂಡಳು. ಅವಳಿಗೆ ಓದಲು ಬರುತ್ತಿರಲಿಲ್ಲ. “ಆ ಒಂಬತ್ತು ಎಲ್ಲೈತಿ? ತೋರಸು.”

ಮಹಾನಂದಾ ಬೆರಳಿಟ್ಟು ತೋರಿಸಿದಳು. ಲಕ್ಷ್ಮವ್ವ ಆ ಅಂಕಿಯನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಅದೇ ಜಾಗಕ್ಕೆ ಹೆಬ್ಬೆರಳು ಒತ್ತಿ ಹಿಡಿದುಕೊಂಡು ಎದ್ದಳು, ಎಡಗೈಯಿಂದ ಮೊದಲ ಬಾಗಿಲಿನ ಪರದೆ ಸರಿಸಿದಳು.

“ಇದನ್ನ ಬರದಾವ್ರು ನೀವೇನ್ರಿ?”

ಒಳಗಿದ್ದವನು ಗಾಬರಿಯಿಂದ ಫೈಲು ಮುಚ್ಚಿದ. “ಯಾರಮ್ಮಾ ನೀನು? ಇಲ್ಲಲ್ಲ, ಆ ಕಡೆ ಕೇಳು.”

ಅವಳು ಎರಡನೆಯ ಬಾಗಿಲಿಗೆ ಹೋದಳು. ಪಡಸಾಲೆಯ ತುದಿಯಿಂದ ಜವಾನನೊಬ್ಬ “ಏ ಯವ್ವಾ, ಒಳಗ ಹಂಗ ಹೋಗಬ್ಯಾಡ, ಸಾಹೇಬ್ರ ಮೀಟಿಂಗ್ ನಡದೈತಿ,” ಎನ್ನುತ್ತ ಓಡಿಬಂದ. ಮಹಾನಂದಾ ಅವನಿಗೆ ಅಡ್ಡ ನಿಂತಳು.

“ಕೇಳ್ಲಿ ಬಿಡು,” ಎಂದಳು. “ಎಷ್ಟ ಹೊತ್ತಾದ್ರೂ ಆಗ್ಲಿ.”

ಲಕ್ಷ್ಮವ್ವ ಆಗಲೇ ಮೂರನೆಯ ಪರದೆ ಎತ್ತಿದ್ದಳು.